ವ್ಯಸನಮುಕ್ತಿ ಮತ್ತು ಮಾನಸಿಕ ತುರ್ತು ಆರೈಕೆ ಕೇಂದ್ರಕ್ಕೆ ಸರ್ಕಾರಿ ಅನುದಾನ: ಅರ್ಜಿ ಹಾಕುವ ಮೊದಲು ಮತ್ತು ಹಾಕಿದ ಮೇಲೆ

"ನಮ್ಮ ತಾಲ್ಲೂಕಿನಲ್ಲಿ ಕುಡಿತ ಬಿಡಿಸುವ ಕೇಂದ್ರ ತೆರೆಯಬೇಕೆಂದಿದ್ದೇವೆ, ಸರ್ಕಾರದಿಂದ ಎಷ್ಟು ಹಣ ಸಿಗುತ್ತದೆ?" ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಮದ್ಯವರ್ಜನ ಶಿಬಿರಗಳಲ್ಲಿ ದುಡಿದವರು, ಮಹಿಳಾ ಸಂಘಗಳನ್ನು ನಡೆಸುವವರು ಅಥವಾ ತಮ್ಮ ಮನೆಯಲ್ಲೇ ವ್ಯಸನದ ಕಷ್ಟವನ್ನು ಕಂಡವರು. ಅವರ ಉದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಪ್ರಶ್ನೆಯ ಕ್ರಮ ತಲೆಕೆಳಗಾಗಿದೆ. ಸರ್ಕಾರದ ಅನುದಾನವು ಕೇಂದ್ರವನ್ನು ಹುಟ್ಟುಹಾಕುವ ಬಂಡವಾಳವಲ್ಲ. ಕಾನೂನಿನ ಪ್ರಕಾರ ನಿಂತಿರುವ, ಲೆಕ್ಕ ಒಪ್ಪಿಸಿ ಅಭ್ಯಾಸವಿರುವ ಸಂಸ್ಥೆಯೊಂದು ಮಾಡುವ ಖರ್ಚಿಗೆ ಅದು ಕಂತುಗಳಲ್ಲಿ ಕೊಡುವ ನೆರವು. ಇದನ್ನು ಮೊದಲೇ ಒಪ್ಪಿಕೊಂಡವರಿಗೆ ಮುಂದಿನ ಹಂತಗಳು ಕಷ್ಟವಾಗುವುದಿಲ್ಲ. ಒಪ್ಪಿಕೊಳ್ಳದವರು ಸಾಲದಲ್ಲಿ ಸಿಲುಕುತ್ತಾರೆ.

ಅಗತ್ಯವಂತೂ ಇದೆ. ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರವು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇಕಡಾ 14.6ರಷ್ಟು ಮಂದಿ, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇರುವುದನ್ನು ಗುರುತಿಸಿತು. ಈ ಅಂಕಿಗಳನ್ನು ನೀವೂ ನಿಮ್ಮ ಅರ್ಜಿಯಲ್ಲಿ ಬಳಸಬಹುದು. ಆದರೆ ದೇಶದ ಅಂಕಿಯನ್ನು ಓದಿ ಯಾರೂ ನಿಮ್ಮ ಜಿಲ್ಲೆಗೆ ಹಣ ಬಿಡುಗಡೆ ಮಾಡುವುದಿಲ್ಲ. ಜಿಲ್ಲೆಯ ಅಂಕಿಯ ವಿಚಾರವನ್ನು ಐದನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 1: ಯಾವ ಬಾಗಿಲು ತಟ್ಟಬೇಕೆಂದು ನಿರ್ಧರಿಸಿ

ಮಾನಸಿಕ ತುರ್ತು ಸ್ಥಿತಿ ಮತ್ತು ವ್ಯಸನ ಎರಡೂ ಒಂದೇ ಮನೆಯಲ್ಲಿ, ಅನೇಕ ಸಲ ಒಬ್ಬನೇ ವ್ಯಕ್ತಿಯಲ್ಲಿ ಕಾಣಿಸಿಕೊಳ್ಳುತ್ತವೆ. ಸರ್ಕಾರದ ಕಡತಗಳಲ್ಲಿ ಮಾತ್ರ ಅವು ಬೇರೆ ಬೇರೆ ಇಲಾಖೆಗಳಿಗೆ ಸೇರಿವೆ. ಹಾಗಾಗಿ "ಸಮಗ್ರ ಕೇಂದ್ರ" ಎಂದು ಬರೆದ ಅರ್ಜಿ ಎಲ್ಲ ಮೇಜುಗಳನ್ನೂ ಸುತ್ತಿ ಕೊನೆಗೆ ನಿಮ್ಮ ಬಳಿಗೇ ಮರಳುತ್ತದೆ. ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಮತ್ತು ಸ್ವಯಂಸೇವಾ ಸಂಸ್ಥೆಗಳಿಗೆ ಅತ್ಯಂತ ಹತ್ತಿರದ್ದು, ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ 'ಮಾದಕ ವಸ್ತು ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ'. ಇಂಗ್ಲಿಷಿನ ಮೊದಲಕ್ಷರಗಳಿಂದ ಇದನ್ನು ಎನ್‌ಎಪಿಡಿಡಿಆರ್ ಎಂದು ಕರೆಯುತ್ತಾರೆ. ಇದರಡಿ ಬರುವ ಕೇಂದ್ರಗಳ ಹೆಸರುಗಳನ್ನು ತಿಳಿದುಕೊಳ್ಳಿ, ಏಕೆಂದರೆ ಅರ್ಜಿಯಲ್ಲಿ ಈ ಹೆಸರುಗಳೇ ಬೇಕು. ಒಳರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಮತ್ತು ಪುನರ್ವಸತಿ ನೀಡುವುದು 'ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರ', ಅಂದರೆ ಐಆರ್‌ಸಿಎ. ಹಾಸಿಗೆಗಳಿಲ್ಲದೆ, ಬಂದುಹೋಗುವವರಿಗೆ ತಪಾಸಣೆ, ಆಪ್ತಸಮಾಲೋಚನೆ ಮತ್ತು ಮುಂದಿನ ಆಸ್ಪತ್ರೆಯ ದಾರಿ ತೋರಿಸುವುದು 'ಸಂಪರ್ಕ ಮತ್ತು ಭೇಟಿ ಕೇಂದ್ರ', ಅಂದರೆ ಒಡಿಐಸಿ. ಸಮುದಾಯದ ಒಳಗೇ ಸಮವಯಸ್ಕರ ಮೂಲಕ ಮಕ್ಕಳು ಮತ್ತು ಹದಿಹರೆಯದವರನ್ನು ತಲುಪುವ ಕಾರ್ಯಕ್ರಮಕ್ಕೆ ಸಿಪಿಎಲ್‌ಐ ಎಂದು ಹೆಸರು. ಈ ಮೂರನ್ನೂ ಒಂದೇ ಕಡೆ ನಡೆಸುವುದು 'ಜಿಲ್ಲಾ ವ್ಯಸನಮುಕ್ತಿ ಕೇಂದ್ರ', ಡಿಡಿಎಸಿ. ಸರ್ಕಾರಿ ಆಸ್ಪತ್ರೆಯೊಳಗಿನ ವ್ಯಸನ ಚಿಕಿತ್ಸಾ ಘಟಕಗಳೂ ಈ ಯೋಜನೆಯಲ್ಲಿವೆ. ಅವು ಏಮ್ಸ್ ಮೂಲಕ ನಡೆಯುವುದರಿಂದ ಸಂಸ್ಥೆಗಳು ಅವಕ್ಕೆ ಅರ್ಜಿ ಹಾಕುವ ಪ್ರಶ್ನೆ ಬರುವುದಿಲ್ಲ.

ಎರಡನೆಯದು ಆರೋಗ್ಯ ಇಲಾಖೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಈ ಕಾರ್ಯಕ್ರಮದ ಹಣ ಬಹುಪಾಲು ಸರ್ಕಾರಿ ವ್ಯವಸ್ಥೆಯೊಳಗೇ ಖರ್ಚಾಗುತ್ತದೆ. ನಿಮಗೆ ಅಲ್ಲಿಂದ ಸಿಗಬೇಕಾದದ್ದು ಹಣಕ್ಕಿಂತ ಮನೋವೈದ್ಯರ ಸೇವೆ, ಔಷಧ ಮತ್ತು ರೋಗಿಯನ್ನು ಕಳಿಸಿಕೊಡುವ ದಾರಿ.

ಮೂರನೆಯದು ವಿಕಲಚೇತನರ ಸಬಲೀಕರಣದ ಬಾಗಿಲು. ಚಿಕಿತ್ಸೆ ಮುಗಿದು ಕಾಯಿಲೆ ಹತೋಟಿಯಲ್ಲಿರುವವರು ಮನೆಗೆ ಮರಳುವ ಮುನ್ನ ತಂಗಿ ಬದುಕಿನ ಲಯವನ್ನು ಮತ್ತೆ ಕಲಿಯುವ ಮಧ್ಯಂತರ ವಸತಿಗೃಹಗಳಿಗೆ ಕೇಂದ್ರದ ದೀನದಯಾಳ್ ದಿವ್ಯಾಂಗಜನ ಪುನರ್ವಸತಿ ಯೋಜನೆಯಡಿ ನೆರವಿದೆ. ಕರ್ನಾಟಕದಲ್ಲಿ 'ಮಾನಸಧಾರಾ' ಹೆಸರಿನ ಹಗಲು ಆರೈಕೆ ಕೇಂದ್ರಗಳನ್ನು ಸಂಸ್ಥೆಗಳ ಮೂಲಕ ನಡೆಸಿದ ಮಾದರಿಯೂ ಇದೆ.

ಎಚ್ಚರಿಕೆ: 'ತುರ್ತು ಆರೈಕೆ ಕೇಂದ್ರ' ಎಂಬ ಹೆಸರಿನಲ್ಲಿ ಸಂಸ್ಥೆಗಳಿಗೆ ಹಣ ಕೊಡುವ ಶೀರ್ಷಿಕೆ ಈ ಯೋಜನೆಗಳಲ್ಲಿ ಇಲ್ಲ. ನಿಮ್ಮ ಮನಸ್ಸಿನಲ್ಲಿರುವುದು ತುರ್ತು ಸ್ಥಿತಿಯಲ್ಲಿ ಬಂದವರನ್ನು ಹಿಡಿದು ನಿಲ್ಲಿಸುವ ಜಾಗವಾದರೆ, ಅದನ್ನು ಐಆರ್‌ಸಿಎ ಅಥವಾ ಜಿಲ್ಲಾ ಕೇಂದ್ರದ ಚೌಕಟ್ಟಿನಲ್ಲಿ ಕೂರಿಸಿ ಅರ್ಜಿ ಬರೆಯಬೇಕು. ಒಂದೇ ಕೆಲಸಕ್ಕೆ ಎರಡು ಇಲಾಖೆಗಳಿಗೆ ಅರ್ಜಿ ಹಾಕುವುದಂತೂ ಬೇಡ. ಅದೇ ಉದ್ದೇಶಕ್ಕೆ ಬೇರೆ ಯಾವ ಇಲಾಖೆಯಿಂದಲೂ ಅನುದಾನ ಪಡೆದಿಲ್ಲ, ಅರ್ಜಿಯನ್ನೂ ಹಾಕಿಲ್ಲ ಎಂದು ನೀವು ಬರೆದುಕೊಡಬೇಕಾಗುತ್ತದೆ.

ಹಂತ 2: ಸಂಸ್ಥೆಯ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ

ಅನುದಾನವು ವ್ಯಕ್ತಿಗೆ ಸಿಗುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಾಯಿತ ಸಂಘ, ಸಾರ್ವಜನಿಕ ಟ್ರಸ್ಟ್, ಅಥವಾ ಕಂಪನಿ ಕಾಯ್ದೆಯ 8ನೇ ಕಲಮಿನಡಿ ಲಾಭದ ಉದ್ದೇಶವಿಲ್ಲದೆ ರಚನೆಯಾದ ಕಂಪನಿ, ಈ ಮೂರರಲ್ಲಿ ಒಂದು ರೂಪ ನಿಮಗಿರಬೇಕು. ಹಿಂದಿನ 3 ವರ್ಷಗಳ ಲೆಕ್ಕಪರಿಶೋಧಿತ ಲೆಕ್ಕಪತ್ರ ಮತ್ತು ವಾರ್ಷಿಕ ವರದಿಗಳನ್ನು ಸಿದ್ಧವಿಟ್ಟುಕೊಳ್ಳಿ. ನಿನ್ನೆ ನೋಂದಾಯಿಸಿದ ಟ್ರಸ್ಟ್ ಇಂದು ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲ. ಅಂಥವರು ಈಗಾಗಲೇ ಅನುಭವವಿರುವ ಸಂಸ್ಥೆಯೊಂದರ ಜೊತೆ ಕೆಲವು ವರ್ಷ ದುಡಿಯುವುದೇ ಮೇಲು.

ನಿಮ್ಮ ಬೈಲಾ ಅಥವಾ ಟ್ರಸ್ಟ್ ಪತ್ರದ ಉದ್ದೇಶಗಳ ಪಟ್ಟಿಯನ್ನು ಒಮ್ಮೆ ತೆರೆದು ಓದಿ. ಅದರಲ್ಲಿ ವ್ಯಸನಮುಕ್ತಿ ಅಥವಾ ಮಾನಸಿಕ ಆರೋಗ್ಯದ ಮಾತೇ ಇಲ್ಲದಿದ್ದರೆ ಮೊದಲು ತಿದ್ದುಪಡಿ ಮಾಡಿಸಿ. ಶಿಕ್ಷಣ ಮತ್ತು ಸಾಂಸ್ಕೃತಿಕ ಚಟುವಟಿಕೆಗೆಂದು ನೋಂದಣಿಯಾದ ಸಂಘವು ಆಸ್ಪತ್ರೆಯಂಥ ಕೆಲಸಕ್ಕೆ ಕೈಹಾಕಿದಾಗ ಮೊದಲ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ನೋಂದಣಾಧಿಕಾರಿಗಳಿಗೆ ಪ್ರತಿ ವರ್ಷ ಸಲ್ಲಿಸಬೇಕಾದ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಬಾಕಿ ಇದ್ದರೆ ದಂಡ ಕಟ್ಟಿಯಾದರೂ ಪೂರ್ಣಗೊಳಿಸಿ.

ಇದಾದ ಮೇಲೆ ಎರಡು ಆನ್‌ಲೈನ್ ನೋಂದಣಿಗಳು. ನೀತಿ ಆಯೋಗದ 'ಎನ್‌ಜಿಒ ದರ್ಪಣ್' ಜಾಲತಾಣದಲ್ಲಿ ಸಂಸ್ಥೆಗೊಂದು ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಇದಕ್ಕೆ ಸಂಸ್ಥೆಯ ಪ್ಯಾನ್ ಜೊತೆಗೆ ಪದಾಧಿಕಾರಿಗಳ ಪ್ಯಾನ್ ಮತ್ತು ಆಧಾರ್ ವಿವರಗಳೂ ಬೇಕು. ಇನ್ನೊಂದು ಪಿಎಫ್‌ಎಂಎಸ್, ಅಂದರೆ ಕೇಂದ್ರ ಸರ್ಕಾರದ ಹಣ ಯಾರಿಗೆ ಹೋಯಿತು, ಹೇಗೆ ಖರ್ಚಾಯಿತು ಎಂಬುದನ್ನು ಹಿಂಬಾಲಿಸುವ ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆ. ಎರಡರಲ್ಲೂ ಸಂಸ್ಥೆಯ ಹೆಸರು, ನೋಂದಣಿ ಪತ್ರದ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಅಕ್ಷರಶಃ ಒಂದೇ ಇರಬೇಕು. ಒಂದು ಕಡೆ 'ಟ್ರಸ್ಟ್', ಇನ್ನೊಂದು ಕಡೆ 'ಟ್ರಸ್ಟ್ (ರಿ)' ಎಂದಿರುವುದು ಸಣ್ಣ ವಿಷಯವೆಂದು ಕಂಡರೂ ಕಡತ ನಿಲ್ಲಲು ಅಷ್ಟೇ ಸಾಕು.

ಹಂತ 3: ಕಟ್ಟಡ ಮತ್ತು ಪರವಾನಗಿಗಳು

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017 ಎಂಬ ಕಾನೂನು 2018ರಿಂದ ಜಾರಿಯಲ್ಲಿದೆ. 'ಮಾನಸಿಕ ಅಸ್ವಸ್ಥತೆ' ಎಂಬುದಕ್ಕೆ ಅದು ಕೊಡುವ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಆದ್ದರಿಂದ "ನಮ್ಮದು ಆಸ್ಪತ್ರೆಯಲ್ಲ, ಬರೀ ಕುಡಿತ ಬಿಡಿಸುವ ಕೇಂದ್ರ" ಎಂಬ ವಾದ ನಿಲ್ಲುವುದಿಲ್ಲ. ಅಂಥವರನ್ನು ದಾಖಲಿಸಿಕೊಂಡು ಇರಿಸಿಕೊಳ್ಳುವ ಜಾಗ ಕಾನೂನಿನ ಕಣ್ಣಿನಲ್ಲಿ 'ಮಾನಸಿಕ ಆರೋಗ್ಯ ಸಂಸ್ಥೆ'. ಅದನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸದೆ ನಡೆಸುವಂತಿಲ್ಲ ಎಂದು 65ನೇ ಕಲಮು ಹೇಳುತ್ತದೆ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂಪಾಯಿ ದಂಡ, ಎರಡನೆಯ ಸಲಕ್ಕೆ 2 ಲಕ್ಷದವರೆಗೆ, ಅನಂತರ ಪ್ರತಿ ಸಲವೂ 5 ಲಕ್ಷದವರೆಗೆ ಏರುತ್ತದೆ.

ನೋಂದಣಿಯಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲು ತಾತ್ಕಾಲಿಕ ನೋಂದಣಿ. ಅರ್ಜಿ ಮತ್ತು ಶುಲ್ಕ ಕ್ರಮಬದ್ಧವಾಗಿದ್ದರೆ ಪ್ರಾಧಿಕಾರ ಇದನ್ನು 10 ದಿನಗಳೊಳಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ, ಮತ್ತು ಇದು 12 ತಿಂಗಳು ಚಾಲ್ತಿಯಲ್ಲಿರುತ್ತದೆ. ಕನಿಷ್ಠ ಮಾನದಂಡಗಳನ್ನು ಪೂರೈಸಿರುವುದನ್ನು ತೋರಿಸಿದ ಮೇಲೆ ಕಾಯಂ ನೋಂದಣಿ. ಜಾಗ, ಗಾಳಿ ಬೆಳಕು, ಶೌಚಾಲಯ, ಸಿಬ್ಬಂದಿ, ಅಡುಗೆಮನೆ, ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆ ಮುಂತಾದವೆಲ್ಲ ಈ ಮಾನದಂಡಗಳ ವ್ಯಾಪ್ತಿಗೆ ಬರುತ್ತವೆ. ತಾತ್ಕಾಲಿಕ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ನವೀಕರಣದ ದಿನವನ್ನು ಮರೆಯುವ ಸಂಸ್ಥೆಗಳು ಬಹಳ. ಅದು ಮುಗಿಯುವ ದಿನಕ್ಕೆ ಎರಡು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇದರ ಜೊತೆಗೆ, ಖಾಸಗಿಯಾಗಿ ವೈದ್ಯಕೀಯ ಚಿಕಿತ್ಸೆ ನೀಡುವ ಜಾಗಗಳಿಗೆ ಅನ್ವಯಿಸುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರ ನೋಂದಣಿಯ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸೂಜಿ, ಹತ್ತಿ, ರಕ್ತದ ಮಾದರಿ ಇರುವ ಕಡೆ ಜೈವಿಕ ವೈದ್ಯಕೀಯ ತ್ಯಾಜ್ಯವನ್ನು ವಿಲೇವಾರಿ ಮಾಡುವ ಒಪ್ಪಂದ ಬೇಕು. ಅಗ್ನಿಶಾಮಕ ಇಲಾಖೆಯ ಸಲಹೆಯನ್ನು ಮೊದಲೇ ಪಡೆಯಿರಿ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಹಾಕಿಸಿ, ಹೊರಬಾಗಿಲಿಗೆ ಬೀಗ ಜಡಿದ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಏನಾಗುತ್ತದೆಂದು ಅವರೇ ಬಂದು ಹೇಳುವವರೆಗೆ ಕಾಯಬೇಡಿ.

ಬಾಡಿಗೆ ಕಟ್ಟಡವಾದರೆ ಕರಾರು ಸಂಸ್ಥೆಯ ಹೆಸರಿನಲ್ಲಿರಲಿ, ನೋಂದಣಿಯಾಗಿರಲಿ, ಕನಿಷ್ಠ ಮೂರರಿಂದ ಐದು ವರ್ಷದ ಅವಧಿಯಿರಲಿ. ಕೇಂದ್ರ ಯಾವುದಕ್ಕೆಂದು ಮಾಲೀಕರಿಗೂ ಅಕ್ಕಪಕ್ಕದವರಿಗೂ ಮುಂಚಿತವಾಗಿ ತಿಳಿಸಿ. ನೆರೆಹೊರೆಯ ದೂರಿನಿಂದ ಕಟ್ಟಡ ಬದಲಾಯಿಸಬೇಕಾಗಿ ಬಂದರೆ ನೋಂದಣಿ, ತಪಾಸಣೆ, ಮಂಜೂರಾತಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಎಚ್ಚರಿಕೆ: ಒತ್ತಾಯದಿಂದ ಎಳೆತಂದು ಕೂಡಿಹಾಕುವುದು ಚಿಕಿತ್ಸೆಯಲ್ಲ, ಅಪರಾಧ. ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 95ನೇ ಕಲಮು ನಿಷೇಧಿಸಿದೆ. ಒಂಟಿಯಾಗಿ ಕೂಡಿಹಾಕುವಂತಿಲ್ಲ ಎಂದು 97ನೇ ಕಲಮು ಹೇಳುತ್ತದೆ. ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿರುವವರನ್ನು ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ಗೊತ್ತುಪಡಿಸಿದ ವ್ಯಕ್ತಿಯ, ಕೋರಿಕೆಯ ಮೇಲೆ ಸೇರಿಸಿಕೊಳ್ಳುವ 89ನೇ ಕಲಮಿನ ದಾಖಲಾತಿಗೆ 30 ದಿನಗಳ ಮಿತಿಯಿದೆ. ಅಂಥ ಪ್ರತಿಯೊಂದು ದಾಖಲಾತಿಯನ್ನೂ ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿಗೆ 7 ದಿನಗಳೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ 3 ದಿನಗಳೊಳಗೆ ತಿಳಿಸಬೇಕು. ಮನೆಯವರು ಹಣ ಕಟ್ಟಿ ಸಹಿ ಹಾಕಿದರೆ ಸಾಕೆಂಬ ಹಳೆಯ ರೂಢಿಯನ್ನು ನಂಬಿಕೊಂಡು ಕೇಂದ್ರ ತೆರೆಯಬೇಡಿ.

ಹಂತ 4: ತಂಡ ಮತ್ತು ಆಸ್ಪತ್ರೆಯ ನಂಟು

ಅನುದಾನಿತ ಐಆರ್‌ಸಿಎಯಲ್ಲಿ ಯೋಜನಾ ಸಂಯೋಜಕರು, ಅರೆಕಾಲಿಕ ವೈದ್ಯರು, ಆಪ್ತಸಮಾಲೋಚಕರು, ಶುಶ್ರೂಷಕರು, ವಾರ್ಡ್ ಸಹಾಯಕರು, ಲೆಕ್ಕಿಗರು, ಯೋಗ ಶಿಕ್ಷಕರು, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ ಮತ್ತು ವ್ಯಸನದಿಂದ ಹೊರಬಂದ ಒಬ್ಬ ಸಮಾನಸ್ಕಂಧ ಶಿಕ್ಷಕ ಎಂಬ ಬಗೆಯ ಹುದ್ದೆಗಳಿರುತ್ತವೆ. ಪ್ರತಿ ಹುದ್ದೆಗೆ ವಿದ್ಯಾರ್ಹತೆ ಮತ್ತು ಗೌರವಧನ ಯೋಜನೆಯ ಮಾರ್ಗಸೂಚಿಯಲ್ಲೇ ನಿಗದಿಯಾಗಿದೆ. ಅಧ್ಯಕ್ಷರ ಅಳಿಯನನ್ನು ಆಪ್ತಸಮಾಲೋಚಕನೆಂದು ತೋರಿಸುವ ಜಾಣತನ ಮೊದಲ ತಪಾಸಣೆಯಲ್ಲೇ ಬಯಲಾಗುತ್ತದೆ.

ಇವರಲ್ಲಿ ಯಾರನ್ನು ಬಿಟ್ಟರೂ ನಡೆಯಬಹುದು, ರಾತ್ರಿಯ ಶುಶ್ರೂಷಕರನ್ನು ಮಾತ್ರ ಬಿಡುವಂತಿಲ್ಲ ಎಂಬುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಕುಡಿದ ವ್ಯಕ್ತಿ ಥಟ್ಟನೆ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ನಡುಕ, ಭ್ರಮೆ, ಜ್ವರ, ಗೊಂದಲ ಕೂಡಿದ ಸನ್ನಿಯಂಥ ಸ್ಥಿತಿ ಕಾಣಿಸಿಕೊಳ್ಳಬಹುದು. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಭಜನೆ, ಪ್ರವಚನ, ಯೋಗಗಳಿಗೆ ಅವುಗಳದೇ ಜಾಗವಿದೆ, ಆದರೆ ಈ ನಾಲ್ಕು ದಿನಗಳ ಜಾಗ ಅವುಗಳದ್ದಲ್ಲ.

ಹಾಗಾಗಿ ಹತ್ತಿರದ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಯಾವ ಲಕ್ಷಣ ಕಂಡರೆ ಕಳಿಸುತ್ತೀರಿ, ಯಾವ ವಾಹನದಲ್ಲಿ, ಯಾರು ಜೊತೆಗೆ ಹೋಗುತ್ತಾರೆ, ಮರಳಿ ಯಾವಾಗ ಕರೆತರುತ್ತೀರಿ ಎಂಬುದೆಲ್ಲ ಅದರಲ್ಲಿರಲಿ. ಕಾಯ್ದೆಯ 94ನೇ ಕಲಮಿನಂತೆ ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು, ನಾಮನಿರ್ದೇಶಿತ ಪ್ರತಿನಿಧಿ ಲಭ್ಯರಿದ್ದರೆ ಅವರ ಒಪ್ಪಿಗೆ ಪಡೆದು, ಚಿಕಿತ್ಸೆ ಆರಂಭಿಸಬಹುದು. ಆದರೆ ಅದಕ್ಕೆ 72 ಗಂಟೆಗಳ ಮಿತಿಯಿದೆ, ಅಷ್ಟರೊಳಗೆ ಮಾನಸಿಕ ಆರೋಗ್ಯ ಸಂಸ್ಥೆಯೊಂದರಲ್ಲಿ ಪರೀಕ್ಷೆಯಾಗಬೇಕು. ನಿಮ್ಮ ಒಪ್ಪಂದವು ಈ 72 ಗಂಟೆಗಳನ್ನು ಲೆಕ್ಕದಲ್ಲಿಟ್ಟುಕೊಂಡಿರಲಿ. ಸಿಬ್ಬಂದಿಯ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಎರಡನ್ನೂ ಕೇಳಿನೋಡಬಹುದು. ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416 ಮತ್ತು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಇವೆರಡೂ ಕೇಂದ್ರದ ಬಾಗಿಲಲ್ಲೇ ಕಾಣುವಂತಿರಲಿ.

ಹಂತ 5: ಯೋಜನಾ ವರದಿ ಮತ್ತು ಬಜೆಟ್

ಯೋಜನಾ ವರದಿ ಹತ್ತು ಹದಿನೈದು ಪುಟ ಮೀರಬೇಕಿಲ್ಲ. ಜಿಲ್ಲೆಯಲ್ಲಿ ಈಗ ಯಾವ ಸೇವೆ ಇದೆ, ಯಾವುದು ಇಲ್ಲ ಎಂಬುದನ್ನು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ವರ್ಷದಲ್ಲಿ ವ್ಯಸನದ ತೊಂದರೆಯಿಂದ ಬಂದವರ ಸಂಖ್ಯೆ, ಅವರಲ್ಲಿ ಹಾಸಿಗೆ ಸಿಗದೆ ಹೊರ ಜಿಲ್ಲೆಗೆ ಕಳಿಸಲಾದವರ ಸಂಖ್ಯೆ, ಪೊಲೀಸ್ ಠಾಣೆಗೆ ಬಂದ ಮನೆಜಗಳದ ದೂರುಗಳಲ್ಲಿ ಕುಡಿತದ ಪಾಲು, ಅತ್ಯಂತ ಹತ್ತಿರದ ಕೇಂದ್ರ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ವಿವರ, ಇವನ್ನು ಪತ್ರ ಬರೆದು ಅಥವಾ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ರಾಷ್ಟ್ರೀಯ ಸಮೀಕ್ಷೆಗಿಂತ ಈ ನಾಲ್ಕು ಸಾಲುಗಳಿಗೆ ಹೆಚ್ಚು ತೂಕವಿದೆ.

ಬಜೆಟ್ ಬರೆಯುವಾಗ ನಿಮ್ಮ ಊರಿನ ಮಾರುಕಟ್ಟೆ ದರವನ್ನು ಬರೆದು ಕಳಿಸಿದರೆ ಪ್ರಯೋಜನವಿಲ್ಲ. ಮಾರ್ಗಸೂಚಿಯ ಅನುಬಂಧದಲ್ಲಿರುವ ವೆಚ್ಚದ ಮಿತಿಗಳೊಳಗೇ ಬರೆಯಬೇಕು. ಐಆರ್‌ಸಿಎಗಳನ್ನು 15, 30, 50 ಹಾಸಿಗೆಗಳ ಅಳತೆಯಲ್ಲಿ ರೂಪಿಸಲಾಗಿದ್ದು, ಹೊಸಬರು 15ಕ್ಕಿಂತ ಹೆಚ್ಚಿಗೆ ಆಸೆಪಡದಿರುವುದು ಲೇಸು. ಹಣವನ್ನು ಎರಡು ಶೀರ್ಷಿಕೆಗಳಲ್ಲಿ ನೋಡುತ್ತಾರೆ: ಮಂಚ, ಕಪಾಟು, ಪಾತ್ರೆಗಳಂಥ ಒಮ್ಮೆ ಮಾತ್ರ ಮಾಡುವ ಅನಾವರ್ತಕ ವೆಚ್ಚ, ಮತ್ತು ಗೌರವಧನ, ಬಾಡಿಗೆ, ಆಹಾರ, ಔಷಧದಂಥ ಪ್ರತಿ ತಿಂಗಳ ಆವರ್ತಕ ವೆಚ್ಚ. ಒಂದು ಶೀರ್ಷಿಕೆಯಲ್ಲಿ ಉಳಿದದ್ದನ್ನು ಅನುಮತಿಯಿಲ್ಲದೆ ಇನ್ನೊಂದಕ್ಕೆ ಬಳಸುವಂತಿಲ್ಲ.

ಮಾರ್ಗಸೂಚಿಯ ಮಿತಿಗೂ ನಿಜವಾದ ಖರ್ಚಿಗೂ ನಡುವೆ ಅಂತರ ಬಿದ್ದೇ ಬೀಳುತ್ತದೆ, ಮುಖ್ಯವಾಗಿ ಬಾಡಿಗೆ ಮತ್ತು ವೈದ್ಯರ ಗೌರವಧನದಲ್ಲಿ. ಆ ಅಂತರವನ್ನು ಯಾರು ತುಂಬುತ್ತಾರೆಂದು ವರದಿಯಲ್ಲೇ ಹೇಳಿ. ಸ್ಥಳೀಯ ದಾನಿಗಳು ಒಂದು ದಾರಿ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಇನ್ನೊಂದು; ಅದನ್ನು ಪಡೆಯಲು ಸಂಸ್ಥೆಯು ಆದಾಯ ತೆರಿಗೆ ಕಾಯ್ದೆಯಡಿ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ ಹೊಂದಿರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಿರಬೇಕು. ಏನೇ ಆದರೂ ಒಂದು ವರ್ಷದ ಸಂಬಳ ಮತ್ತು ಬಾಡಿಗೆಗೆ ಸಾಕಾಗುವಷ್ಟು ಹಣ ಕೈಯಲ್ಲಿಲ್ಲದೆ ಕೇಂದ್ರದ ಬಾಗಿಲು ತೆರೆಯಬೇಡಿ.

ಹಂತ 6: ಅರ್ಜಿ

ಸಾಮಾಜಿಕ ನ್ಯಾಯ ಇಲಾಖೆಯ ಅನುದಾನಗಳಿಗೆ 'ಇ-ಅನುದಾನ್' ಎಂಬ ಆನ್‌ಲೈನ್ ಜಾಲತಾಣವಿದೆ. ಕಾಗದದ ಕಡತವನ್ನು ಹೊತ್ತು ದೆಹಲಿಗೆ ಹೋಗುವ ಅಗತ್ಯವಿಲ್ಲ. ಆದರೆ ಹೊಸ ಕೇಂದ್ರಕ್ಕೆ ಬೇಕೆಂದಾಗ ಅರ್ಜಿ ಹಾಕುವಂತೆಯೂ ಇಲ್ಲ. ಕೇಂದ್ರಗಳಿಲ್ಲದ ಜಿಲ್ಲೆಗಳನ್ನು ಗುರುತಿಸಿ ಪ್ರಕಟಣೆ ಹೊರಡಿಸಿದಾಗ ಆ ಜಿಲ್ಲೆಗಳಿಗೆ ಅರ್ಜಿ ಹಾಕುವುದೇ ಫಲ ಕೊಡುವ ದಾರಿ. ನಿಮ್ಮ ಜಿಲ್ಲೆಯಲ್ಲಿ ಈಗಾಗಲೇ ಅನುದಾನಿತ ಕೇಂದ್ರವಿದ್ದರೆ ಪಕ್ಕದ ಜಿಲ್ಲೆಯ ಬಗ್ಗೆ ಯೋಚಿಸಿ.

ಅರ್ಜಿ ತುಂಬುವ ಮುನ್ನ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಸಚಿವಾಲಯದ ಜಾಲತಾಣದಿಂದ ಆ ದಿನವೇ ಇಳಿಸಿಕೊಂಡು ಓದಿ. ಕೇಂದ್ರ ಸರ್ಕಾರದ ಯೋಜನೆಗಳು ಹಣಕಾಸು ಆಯೋಗದ ಅವಧಿಗೆ ಹೊಂದಿಕೊಂಡು ಪರಿಷ್ಕರಣೆಯಾಗುತ್ತವೆ. 15ನೇ ಆಯೋಗದ ಅವಧಿ 2026ರ ಮಾರ್ಚ್‌ವರೆಗಿನದು. ಗೆಳೆಯರ ಸಂಸ್ಥೆಯೊಂದು ಹಿಂದೆ ಬಳಸಿದ ಮಾರ್ಗಸೂಚಿಯ ಪ್ರತಿಯನ್ನು ನಂಬಿಕೊಂಡು ತಯಾರಿಸಿದ ಬಜೆಟ್ ಪೂರ್ತಿ ವ್ಯರ್ಥವಾಗಬಹುದು.

ಆಡಳಿತ ಮಂಡಳಿಯ ಠರಾವು, ಅಂದರೆ ಈ ಯೋಜನೆಗೆ ಅರ್ಜಿ ಹಾಕಲು ತೀರ್ಮಾನಿಸಿ ಒಬ್ಬರಿಗೆ ಸಹಿ ಮಾಡುವ ಅಧಿಕಾರ ಕೊಟ್ಟ ನಡಾವಳಿ, ಅರ್ಜಿಯ ಜೊತೆಗಿರಲಿ. ಸ್ಕ್ಯಾನ್ ಮಾಡಿದ ಪ್ರತಿಯೊಂದು ಪುಟವೂ ಓದಲು ಬರುವಂತಿರಬೇಕು. ಕನ್ನಡದಲ್ಲಿರುವ ಬೈಲಾ, ಬಾಡಿಗೆ ಕರಾರುಗಳಿಗೆ ದೃಢೀಕೃತ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಸೇರಿಸಿ. ಕಡತ ನೋಡುವವರು ದೆಹಲಿಯಲ್ಲಿರುತ್ತಾರೆ.

"ಇಷ್ಟು ಕೊಟ್ಟರೆ ಮಂಜೂರು ಮಾಡಿಸಿಕೊಡುತ್ತೇನೆ" ಎನ್ನುವ ಮಧ್ಯವರ್ತಿಗಳು ಈ ಹಂತದಲ್ಲಿ ಪ್ರತ್ಯಕ್ಷರಾಗುತ್ತಾರೆ. ಇ-ಅನುದಾನ್‌ನ ಪಾಸ್‌ವರ್ಡನ್ನು ಅವರ ಕೈಗೆ ಕೊಟ್ಟರೆ ನಿಮ್ಮ ಸಂಸ್ಥೆಯನ್ನೇ ಕೊಟ್ಟಂತೆ.

ಹಂತ 7: ತಪಾಸಣೆ

ಅರ್ಜಿಯ ಮೇಲೆ ಜಿಲ್ಲಾ ಮತ್ತು ರಾಜ್ಯ ಮಟ್ಟದ ಅಭಿಪ್ರಾಯ ಪಡೆಯಲಾಗುತ್ತದೆ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರದ ವ್ಯಸನವಿರೋಧಿ ಆಂದೋಲನವಾದ ನಶಾಮುಕ್ತ ಭಾರತ ಅಭಿಯಾನದ ಕೆಲಸವನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ನೋಡಿಕೊಳ್ಳುತ್ತದೆ. ಜಿಲ್ಲೆಯಲ್ಲಿ ಆ ಇಲಾಖೆಯ ಅಧಿಕಾರಿಯನ್ನು ಅರ್ಜಿ ಹಾಕುವ ಮೊದಲೇ ಭೇಟಿಯಾಗಿ ನಿಮ್ಮ ಯೋಜನೆಯನ್ನು ವಿವರಿಸಿ. ತಪಾಸಣೆಗೆ ಬಂದವರು ಹಾಸಿಗೆಗಳನ್ನು ಎಣಿಸುತ್ತಾರೆ, ಹಾಜರಿ ಪುಸ್ತಕ, ಔಷಧ ದಾಸ್ತಾನು ವಹಿ, ರೋಗಿಗಳ ಕಡತ, ನಗದು ವಹಿಗಳನ್ನು ನೋಡುತ್ತಾರೆ, ದಾಖಲಾದವರೊಡನೆ ಮಾತನಾಡುತ್ತಾರೆ. ತಪಾಸಣೆಯ ದಿನಕ್ಕೆಂದು ಬಾಡಿಗೆಗೆ ತಂದ ಮಂಚ ಮತ್ತು ಒಂದೇ ಪೆನ್ನಿನಲ್ಲಿ ಆರು ತಿಂಗಳ ಸಹಿ ಹಾಕಿದ ಹಾಜರಿ ಪುಸ್ತಕ ಅನುಭವಿ ಅಧಿಕಾರಿಯ ಕಣ್ಣಿಗೆ ಬೀಳದಿರುವುದು ಕಷ್ಟ.

ಹಂತ 8: ಮಂಜೂರಾತಿ ಆದೇಶ ಮತ್ತು ಬಾಂಡು

ಮಂಜೂರಾತಿ ಆದೇಶ ಬಂದ ದಿನ ಸಿಹಿ ಹಂಚುವ ಮೊದಲು ಅದನ್ನು ಸಾಲು ಸಾಲಾಗಿ ಓದಿ. ಅದರ ಜೊತೆ ಆಡಳಿತ ಮಂಡಳಿಯ ಸದಸ್ಯರು ಸಹಿ ಮಾಡಬೇಕಾದ ಬಾಂಡು ಬರುತ್ತದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017, ಜಿಎಫ್‌ಆರ್ ಎಂದು ಕರೆಯುವ ಈ ನಿಯಮಾವಳಿಯಂತೆ, ಸಹಿ ಮಾಡಿದವರು ಎಲ್ಲರೂ ಒಟ್ಟಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರು. ಷರತ್ತು ಮುರಿದರೆ, ಹಣವನ್ನು ಬೇರೆಡೆಗೆ ತಿರುಗಿಸಿದರೆ ಅಥವಾ ಕೆಲಸವನ್ನು ಇನ್ನೊಂದು ಸಂಸ್ಥೆಗೆ ವಹಿಸಿದರೆ, ಅನುದಾನವನ್ನು ವಾರ್ಷಿಕ ಶೇಕಡಾ 10ರ ಬಡ್ಡಿಯೊಂದಿಗೆ ಹಿಂದಿರುಗಿಸಬೇಕು. 'ಪ್ರತ್ಯೇಕವಾಗಿ' ಎಂಬ ಪದದ ತೂಕವನ್ನು ತಿಳಿದುಕೊಳ್ಳಿ: ಕಾರ್ಯದರ್ಶಿ ಮಾಡಿದ ತಪ್ಪಿಗೆ, ಸಭೆಗೆ ವರ್ಷಕ್ಕೊಮ್ಮೆ ಬಂದು ಹೋಗುವ ನಿವೃತ್ತ ಮೇಷ್ಟರೂ ಪೂರ್ಣ ಮೊತ್ತಕ್ಕೆ ಹೊಣೆಯಾಗುತ್ತಾರೆ. ಈ ಮಾತನ್ನು ಮಂಡಳಿಯ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದ ಮೇಲೆ ಸಹಿ ಪಡೆಯಿರಿ, ಹಿಂಜರಿದವರನ್ನು ಒತ್ತಾಯಿಸಬೇಡಿ.

ಹಂತ 9: ಲೆಕ್ಕ ಒಪ್ಪಿಸುವುದು

ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ನಗದು ವಹಿ ಇರಲಿ. ಸಂಬಳವನ್ನು ಖಾತೆಗೇ ಜಮಾ ಮಾಡಿ. ಖರ್ಚಿನ ವಿವರವನ್ನು ಪಿಎಫ್‌ಎಂಎಸ್‌ನಲ್ಲಿ ಆಗಿಂದಾಗ್ಗೆ ತುಂಬಿ. ಖರೀದಿಸಿದ ಪ್ರತಿ ವಸ್ತುವನ್ನೂ ಆಸ್ತಿ ವಹಿಯಲ್ಲಿ ಬರೆದಿಡಿ. ಅನುದಾನದಿಂದ ಕೊಂಡ ಫ್ರಿಜ್ಜನ್ನು ಹಳತಾಯಿತೆಂದು ಅನುಮತಿಯಿಲ್ಲದೆ ಮಾರುವಂತಿಲ್ಲ. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿ ನಿಮ್ಮದಲ್ಲ. ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಸರ್ಕಾರದ ಸಂಚಿತ ನಿಧಿಗೆ ಕಟ್ಟಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹಣ ಬಳಕೆ ಪ್ರಮಾಣಪತ್ರ; ಕಚೇರಿಗಳಲ್ಲಿ ಎಲ್ಲರೂ 'ಯುಸಿ' ಎನ್ನುತ್ತಾರೆ. ಪಡೆದ ಹಣ ಯಾವ ಉದ್ದೇಶಕ್ಕೆ ಮಂಜೂರಾಯಿತೋ ಅದಕ್ಕೇ ಖರ್ಚಾಗಿದೆ ಎಂದು ಜಿಎಫ್‌ಆರ್ 12-ಎ ನಮೂನೆಯಲ್ಲಿ ಬರೆದು, ಲೆಕ್ಕಪರಿಶೋಧಿತ ಲೆಕ್ಕಪತ್ರದೊಂದಿಗೆ ಸಲ್ಲಿಸಬೇಕು. ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಎಂಬುದು ನಿಯಮದ ಗಡುವು. ಆದರೆ ಹಿಂದಿನ ಹಣದ ಲೆಕ್ಕ ಬಾರದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲವಾದ್ದರಿಂದ ನಿಮ್ಮ ಪಾಲಿನ ನಿಜವಾದ ಗಡುವು ಏಪ್ರಿಲ್ ಅಥವಾ ಮೇ ತಿಂಗಳು. ಮಾರ್ಚ್ 31 ಮುಗಿದ ವಾರದಲ್ಲೇ ವೋಚರುಗಳನ್ನು ಚಾರ್ಟರ್ಡ್ ಅಕೌಂಟೆಂಟರ ಕೈಗೆ ಕೊಡಿ. ಜುಲೈಯಲ್ಲಿ ಕೊಟ್ಟರೆ ಆದಾಯ ತೆರಿಗೆಯ ಕೆಲಸದ ನಡುವೆ ನಿಮ್ಮ ಕಡತ ಅವರ ಮೇಜಿನ ಕೊನೆಗೆ ಸರಿಯುತ್ತದೆ, ನಿಮ್ಮ ಸಿಬ್ಬಂದಿಯ ಸಂಬಳವೂ ಅದರ ಹಿಂದೆಯೇ ಸರಿಯುತ್ತದೆ. ಮಹಾಲೇಖಪಾಲರ ಪರಿಶೋಧನೆಗೂ ನಿಮ್ಮ ಲೆಕ್ಕ ತೆರೆದಿರುತ್ತದೆ ಎಂಬುದನ್ನು ನೆನಪಿಡಿ, ಹಳೆಯ ವೋಚರುಗಳನ್ನು ಗೆದ್ದಲಿಗೆ ಬಿಡಬೇಡಿ.

ಕಂತು ತಡವಾದರೆ ಮೊದಲು ಇ-ಅನುದಾನ್‌ನಲ್ಲಿ ಅರ್ಜಿಯ ಸ್ಥಿತಿ ನೋಡಿ. ಆಕ್ಷೇಪವೊಂದು ನಿಮ್ಮ ಉತ್ತರಕ್ಕಾಗಿ ಅಲ್ಲೇ ಕಾಯುತ್ತಿರುವುದು ಅಪರೂಪವಲ್ಲ. ಅದಕ್ಕೆ ಉತ್ತರಿಸಿದ ಮೇಲೂ ಹಣ ಬಾರದೆ ಕೇಂದ್ರವನ್ನು ಮುಚ್ಚುವ ಸ್ಥಿತಿ ಬರಬಹುದು. ಆದ್ದರಿಂದ ಕೇಂದ್ರ ಆರಂಭಿಸಿದ ಮೊದಲ ತಿಂಗಳಲ್ಲೇ ಇನ್ನೊಂದು ಕಾಗದವನ್ನು ಸಿದ್ಧಪಡಿಸಿ ಮನೋವೈದ್ಯರಿಂದ ಸಹಿ ಮಾಡಿಸಿಡಿ: ನಾಳೆ ಬಾಗಿಲು ಹಾಕಬೇಕಾಗಿ ಬಂದರೆ ಒಳಗಿರುವ 15 ಮಂದಿಯಲ್ಲಿ ಯಾರು ಮನೆಗೆ, ಯಾರು ಜಿಲ್ಲಾ ಆಸ್ಪತ್ರೆಗೆ, ಯಾರ ಔಷಧ ಎಷ್ಟು ದಿನಕ್ಕೆ, ಅವರ ಕಡತ ಯಾರ ಬಳಿ ಎಂಬ ಪಟ್ಟಿ. ಪ್ರತಿ ಸೋಮವಾರ ಅದರಲ್ಲಿನ ಹೆಸರುಗಳನ್ನು ಹೊಸದಾಗಿ ಬರೆಯಬೇಕು.